ಕಣಜದ ನವಣೆ

"ಹೋಗು, ಒಂದು ಕಂತೆ ತಗೊಂಡು ಬಾ," ಎಂದು ಹೈಸುಲ್ ಹೆಂಡತಿಯನ್ನು ಕಣಜದ ಕಡೆಗೆ ಅಟ್ಟಿದ. "ಅವ್ವನ್ನ ಕೇಳ್ತಾ ಕೂತ್ರೆ ಕತ್ತಲಾಗುತ್ತೆ. ಅವರಾಗ್ಲೇ ಅಂಗಳದಲ್ಲಿ ಬಂದು ಕೂತಿದ್ದಾರೆ."

ಅಂಗಳದಲ್ಲಿ ಕೂತಿದ್ದವರು ಕಣಿವೆಯ ಹೊಸ ಹೋಟೆಲಿನ ಮಾಲೀಕ ತ್ಸೆಂಗ್ ಮತ್ತು ಅವನ ಅಡುಗೆಯವ. ಬೆಟ್ಟದ ಬುನುನ್ ಬುಡಕಟ್ಟಿನವರ ಮನೆಯ ಹಳೇ ತಳಿಯ ನವಣೆ ಗಂಜಿಯನ್ನು ಅವರು ಉಂಡು ನೋಡಬೇಕು. ಹಿಡಿಸಿದರೆ ಬೀಜ ಒಯ್ದು ಬಯಲಿನಲ್ಲಿ ಯಂತ್ರ ಹಾಕಿ ಬೆಳೆಸುತ್ತಾರೆ, 'ಪೂರ್ವಜರ ಗಂಜಿ' ಎಂದು ಹೆಸರಿಟ್ಟು ಬಡಿಸುತ್ತಾರೆ. ಬದಲಿಗೆ ಹೈಸುಲ್ ಬೆಳೆದ ಎಲೆಕೋಸನ್ನು ವರ್ಷವಿಡೀ ಅವರೇ ಕೊಳ್ಳುತ್ತಾರೆ. ಕೋಸು ಕೇಳುವವರಿಲ್ಲದೆ ಎಷ್ಟೋ ಸಲ ಹಳ್ಳಕ್ಕೆ ಸುರಿದು ಬಂದವನು ಅವನು. ಅವನನ್ನು ಬೈದು ಏನು ಬಂತು.

ಕಣಜದೊಳಗೆ ಯಾರೂ ಮಾತಾಡುವಂತಿಲ್ಲ. ನವಣೆಗೆ ಕಿವಿಯಿದೆ, ಗದ್ದಲ ಕೇಳಿದರೆ ಮನೆ ಬಿಟ್ಟು ಹೋಗುತ್ತದೆ ಎನ್ನುವುದು ನಮ್ಮ ಬೆಟ್ಟದ ಮಕ್ಕಳಿಗೂ ಗೊತ್ತು. ಯೂಚಿನ್ ತಲೆ ಬಗ್ಗಿಸಿ ಒಳಗೆ ಕಾಲಿಟ್ಟಳು. ಮದುವೆಯಾಗಿ ಬಂದ ಮೇಲೆ ಅವಳು ಆ ಹೊಸಿಲು ದಾಟಿದ್ದು ಅದೇ ಮೊದಲು. ಈ ನವಣೆ ಉಂಡವರು ಮನೆಯವರು, ಹೊರಗಿನವರು ಮುಟ್ಟುವಂತಿಲ್ಲ. ಯೂಚಿನ್ ಬಯಲಿನ ಪೇಟೆಯ ಚೀನೀ ಮನೆತನದ ಹೆಣ್ಣು. "ಇವತ್ತಲ್ಲ ನಾಳೆ ತವರಿಗೆ ಹೋಗೋಳು," ಎಂದು ಅತ್ತೆ ಅಂದೇ ಹೇಳಿಬಿಟ್ಟಿದ್ದಳು. ಸುಗ್ಗಿಯ ದಿನ ಮನೆಯವರೆಲ್ಲ ಒಂದೇ ಮಡಕೆಯ ಸುತ್ತ ಕೂತರೆ ಯೂಚಿನ್ ತನ್ನಷ್ಟಕ್ಕೆ ಅಕ್ಕಿ ಬೇಯಿಸಿಕೊಂಡು ಉಣ್ಣುತ್ತಿದ್ದಳು. ಮಗ ಹುಟ್ಟಿ ಅವನು ಓದಲು ಪೇಟೆಗೆ ಹೋದ ಮೇಲೂ ಅದು ಹಾಗೇ ನಡೆದಿತ್ತು.

ಅತ್ತೆ ಆಬುಸ್ ತೆನೆಕಂತೆಗಳ ಕೆಳಗೆ ನಿಂತಿದ್ದಳು. ಮಗ ಹೇಳಿದ್ದು ಅವಳಿಗೆ ಕೇಳಿಸಿತ್ತು. ಜಪಾನೀಯರ ಆಳ್ವಿಕೆಯಲ್ಲಿ ಪೊಲೀಸರು ಬೆಟ್ಟದ ಮೇಲಿನ ಊರು ಖಾಲಿ ಮಾಡಿಸಿ, ಕೆಳಗೆ ಬಂದು ಭತ್ತ ನಾಟಿ ಮಾಡಿ ಎಂದಾಗ, ಅವಳ ಅತ್ತೆ ಈ ತೆನೆಯನ್ನು ಮಗುವಿನ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಈಗ ಉಳಿದಿರುವುದು ಆ ತೆನೆಯ ಸಂತಾನವೇ.

ಯೂಚಿನ್ ಕೈ ಎತ್ತಿ ಒಂದು ಕಂತೆ ಹಿಡಿದಳು. ಬೇಡ ಎನ್ನಲು ಮುದುಕಿ ಬಾಯಿ ತೆರೆಯುವಂತಿಲ್ಲ. ಅವಳು ಅಂಗಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಗೋಡೆಯ ಕಡೆ ತಿರುಗಿ ನಿಂತಳು. ಯೂಚಿನ್ ಅವಳ ಬೆನ್ನನ್ನೇ ನೋಡಿದಳು. ಕಂತೆಯನ್ನು ಬಿಟ್ಟು ಬರಿಗೈಯಲ್ಲಿ ಹೊರಗೆ ಬಂದಳು.

ಅಡುಗೆಮನೆಯ ಮೂಲೆಯಲ್ಲಿ ಕೋಳಿಮರಿಗಳಿಗೆಂದು ಅಂಗಡಿಯಿಂದ ತಂದ ನವಣೆಯ ಚೀಲವಿತ್ತು. ಅದನ್ನೇ ತೊಳೆದು ಒಲೆಯ ಮೇಲಿಟ್ಟಳು.

ಗಂಜಿ ಬೆಂದಾಗ ಮೂವರನ್ನೂ ಒಳಗೆ ಕೂರಿಸಿ ಬಡಿಸಿದಳು. ಅತ್ತೆ ಬಾಗಿಲ ಬಳಿ ಬಂದು ಕೂತಿದ್ದಳು. ಹೈಸುಲ್ ಮೊದಲ ತುತ್ತು ಬಾಯಿಗಿಟ್ಟ, ಅಗಿಯುವುದು ನಿಲ್ಲಿಸಿ ಹೆಂಡತಿಯ ಮುಖ ನೋಡಿದ. ಈಗ ಎದ್ದು ಕೂಗುತ್ತಾನೆ ಅಂದುಕೊಂಡಳು. ಬಂದವರಿಗೆ ಕೋಳಿ ಕಾಳು ಬಡಿಸಿದ್ದೇವೆ ಎಂದು ಯಾವ ಬಾಯಲ್ಲಿ ಹೇಳುತ್ತಾನೆ? ಅವನು ಎರಡನೇ ತುತ್ತು ಎತ್ತಿ, ಊದಿ, ನುಂಗಿದ.

ಮನೆಯ ನವಣೆಯನ್ನು ನಾವು ಊದಿ ಉಣ್ಣುವುದಿಲ್ಲ. ಊದಿದರೆ ಹೊಲದಲ್ಲಿ ಗಾಳಿ ಎದ್ದು ಪೈರು ಮಲಗುತ್ತದೆ. ಮಗ ಊದಿದ್ದನ್ನು ಮುದುಕಿ ಕಂಡಳು. ಅವಳ ಕಣ್ಣು ನಿಧಾನವಾಗಿ ಸೊಸೆಯ ಕಡೆ ಹೊರಳಿತು.

ಅಡುಗೆಯವ ಬಟ್ಟಲು ಕೆಳಗಿಟ್ಟ. "ಚೆನ್ನಾಗಿದೆ ಕಣಮ್ಮ. ಆದ್ರೆ ಇದು ಪೇಟೇಲಿ ಸಿಗೋ ತರಾನೇ ಇದೆಯಲ್ಲ."

"ನಾನೂ ಅದನ್ನೇ ಅಂದ್ಕೊಂಡೆ," ಎಂದ ತ್ಸೆಂಗ್. "ಬೇಜಾರು ಮಾಡ್ಕೋಬೇಡಿ ಹೈಸುಲ್. ಇದಕ್ಕೋಸ್ಕರ ಇಷ್ಟು ದೂರ ಬರೋದು ಬೇಕಿರ್ಲಿಲ್ಲ."

ಕೋಸಿನ ಮಾತು ಬರಲೇ ಇಲ್ಲ. ಅವರ ಕಾರು ತಿರುವು ದಾಟುವವರೆಗೆ ಹೈಸುಲ್ ನಗುತ್ತಲೇ ಕೈ ಬೀಸಿದ. ಆಮೇಲೆ ಒಳಗೆ ಬಂದು ಬಟ್ಟಲನ್ನು ಒದ್ದ.

"ಕೋಳಿಗೆ ಹಾಕೋದನ್ನ ಹಾಕಿದ್ಯಲ್ಲೇ! ನನ್ನ ಬಾಳಿಗೆ ಮಣ್ಣು ಹಾಕ್ದೆ."

"ಅತ್ತೇನ ನೋಡಿ ಕೈ ಬರ್ಲಿಲ್ಲ."

"ಅತ್ತೆ! ಆ ಅತ್ತೆ ಒಂದು ಕಾಳಾದ್ರೂ ನಿನ್ನ ಬಾಯಿಗೆ ಹಾಕಿದ್ದಾಳಾ? ಅದರ ರುಚೀನೇ ಗೊತ್ತಿಲ್ಲ ನಿಂಗೆ. ಯಾರ ನವಣೆಗೆ ಕಾವಲು ಕೂತಿದ್ದೀಯ ನೀನು?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಷ್ಟು ಅಂದ ಮೇಲೆ ಅವನಿಗೇ ನಾಚಿಕೆಯಾಯಿತು, ಹೊರಗೆ ಹೋಗಿ ಜಗಲಿಯಲ್ಲಿ ಕೂತ. ಯೂಚಿನ್ ಅಳಲಿಲ್ಲ. ಚೆಲ್ಲಿದ ಗಂಜಿಯನ್ನು ಬಳಿದು ಕೋಳಿಮರಿಗಳಿಗೆ ಹಾಕಿ ಬಂದಳು.

ಮುದುಕಿ ಎದ್ದು ಹೋಗಿದ್ದಳು. ತುಸು ಹೊತ್ತಿನಲ್ಲೇ ಹಿತ್ತಿಲಿನಿಂದ ಒನಕೆಯ ಸದ್ದು ಕೇಳಿಸಿತು. ಸುಗ್ಗಿಯಲ್ಲ, ಹಬ್ಬವಲ್ಲ. ಅವಳು ಯಾರನ್ನೂ ಕರೆಯದೆ ಕುಟ್ಟಿದಳು, ಕೇರಿದಳು, ತಾನೇ ಒಲೆ ಹೊತ್ತಿಸಿದಳು. ಗಂಜಿ ಕುದಿದು ಕೆಂಪಗೆ ಅಂಟಾದಾಗ ಮಡಕೆಯನ್ನು ನೆಲದ ಮೇಲಿಟ್ಟಳು.

"ಏ ಹೈಸುಲ್, ಬಾರೋ ಒಳಗೆ," ಎಂದು ಕೂಗಿದಳು. ಯೂಚಿನ್ ಅಭ್ಯಾಸದಂತೆ ತನ್ನ ಅಕ್ಕಿ ತೊಳೆಯಲು ಎದ್ದಳು.

"ಅದನ್ನ ಇಡು ಅಲ್ಲಿ," ಎಂದಳು ಆಬುಸ್. ಮರದ ಚಮಚವನ್ನು ಅವಳ ಕಡೆ ಚಾಚಿದಳು. "ಕೂತ್ಕೊಳ್ಳೇ. ಇದನ್ನ ಉಂಡ್ಮೇಲೆ ತವರು ಗಿವರು ಅನ್ನೋ ಹಾಗಿಲ್ಲ. ನಾಳೆಯಿಂದ ನನ್ನ ಜೊತೆ ಕಳೆ ಕೀಳೋಕೆ ಬರ್ಬೇಕು."

ಯೂಚಿನ್ ಕೂತಳು. ಮುದುಕಿ ಸರಿದು ಅವಳಿಗೆ ಜಾಗ ಮಾಡಿದಳು. ಮಡಕೆಯಿಂದ ಹಬೆ ಏಳುತ್ತಿತ್ತು. ಯೂಚಿನ್ ಚಮಚ ತುಂಬಿ ಹಾಗೇ ಬಾಯಿಗಿಟ್ಟಳು. ನಾಲಿಗೆ ಸುಟ್ಟು ಕಣ್ಣಲ್ಲಿ ನೀರು ಬಂತು. ಅವಳು ಊದಲಿಲ್ಲ.