ಹುಲ್ಯಾನ ಎರಡನೆಯ ಎಕ್ಸ್-ರೇ

"ನಾಯಿ ಎಲುಬು ನುಂಗ್ಯಾದ್ರಿ. ಇಲ್ಲಿ ನೋಡ್ರಿ," ಎಂದು ಲಾಲಸಾಬ ಹಸಿ ಫಿಲ್ಮನ್ನು ಬೆಳಕಿಗೆ ಹಿಡಿದ. ಎದೆಯ ನಡುವೆ ಬೆರಳುದ್ದದ ಬಿಳಿ ಗುರುತು.

1988ರ ಚಳಿಗಾಲ. ಅಫಜಲಪುರದ ಲಾಲಸಾಬನ ಎಕ್ಸ್-ರೇ ಅಂಗಡಿಗೆ ನಾಯಿ ಬಂದದ್ದು ಅದೇ ಮೊದಲು. ಊರು ಬಿಟ್ಟು ಬಂದು ಇಲ್ಲಿ ಬೀಡುಬಿಟ್ಟಿದ್ದ ಮಾಳಮ್ಮನ ಕುರಿಹಿಂಡು ಕಾಯುವ ಹುಲ್ಯಾ ತಿಂಗಳಿಂದ ಕೆಮ್ಮುತ್ತಿತ್ತು. ಓಡಿದರೆ ಕುಸಿಯುತ್ತಿತ್ತು. ಹೊಟ್ಟೆಯಲ್ಲಿ ನೀರು ತುಂಬಿತ್ತು. ಹದಿನೈದು ದಿನದಲ್ಲಿ ಹಿಂಡು ಜೇವರ್ಗಿ ಕಡೆ ಹೊರಡಬೇಕು. ದಾರಿಯಲ್ಲಿ ತೋಳಗಳ ಕಾಟ.

"ನಾ ಹೇಳಿದ್ದಿಲ್ಲೇನು?" ಎಂದ ಆಕೆಯ ತಮ್ಮ ದಶರಥ. "ಗಂಟಲಾಗ ಕಬ್ಬಿಣದ ಕೊಂಡಿ ಹಾಕಿ ತೆಗೀತೇನಿ. ನೀ ಗಟ್ಟಿ ಹಿಡಿಯಕ್ಕಾ."

"ಕೊಂಡಿ ನಿನ್ನ ಗಂಟಲಾಗ ಹಾಕ್ಕೋ ಲೇ," ಎಂದಳು ಮಾಳಮ್ಮ.

ಪಶುವೈದ್ಯ ಶಾಂತಲಿಂಗಪ್ಪ ನಾಯಿಯ ಕೊರಳಿಗೆ ಕೈಹಾಕಿದರು. ಕೂದಲೊಳಗೆ ಉದ್ದನೆಯ ಉಣ್ಣೆಯ ದಾರ, ತುದಿಗೆ ತಾಮ್ರದ ತಾಯಿತ. ಮಲಗಿಸಿದಾಗ ಅದು ಎದೆಯ ಮೇಲೆ ಜಾರಿತ್ತು.

"ಲಾಲಸಾಬ, ನಿಮ್ಮ ಎಲುಬು ಇದೇ ನೋಡ್ರಿ."

"ಘತ್ತರಗಿ ಭಾಗ್ಯವಂತಿ ದೇವಿ ತಾಯಿತ್ರಿ ಅದು," ಎಂದಳು ಮಾಳಮ್ಮ. "ಊರು ಬಿಡೋ ಮುಂದ ಕಟ್ಟೇವಿ. ತಿರುಗಿ ಊರು ಮುಟ್ಟೋತನಕ ಬಿಚ್ಚಂಗಿಲ್ಲ."

"ಬಿಚ್ಚದಿದ್ರ ಗುಂಡಿಗಿ ಸರಿ ಕಾಣಂಗಿಲ್ಲವ್ವ."

ಮಾಳಮ್ಮ ನಾಯಿಯ ಮುಖ ನೋಡಿದಳು. ದಾರ ಬಿಚ್ಚಿ ತನ್ನ ಕೊರಳಿಗೆ ಹಾಕಿಕೊಂಡಳು. "ನೆಲಕ್ಕ ಇಡಬಾರದು, ಅಷ್ಟೇ. ತಗೀರಿ."

ಎರಡನೆಯ ಫಿಲ್ಮಿನಲ್ಲಿ ಎಲುಬು ಇರಲಿಲ್ಲ. ಹೃದಯದ ಬಲಭಾಗ ಉಬ್ಬಿತ್ತು. ಅಲ್ಲಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳಗಳು ಹಗ್ಗದಂತೆ ದಪ್ಪಗಾಗಿ ತಿರುಚಿಕೊಂಡಿದ್ದವು.

"ಗುಂಡಿಗ್ಯಾಗ ಹುಳ ಆಗ್ಯಾವ. ಸೊಳ್ಳಿ ಕಡದು ಬರ್ತಾವ. ಭಾಳ ಬಲತಾವ," ಎಂದರು ಶಾಂತಲಿಂಗಪ್ಪ. ದವಾಖಾನೆಗೆ ಹೋಗಿ ಒಂದು ಹನಿ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮರಿಹುಳಗಳು ಮಿಸುಕಾಡುತ್ತಿದ್ದವು.

"ಉಳೀತದೇನ್ರಿ?" ಎಂದು ಕೇಳಿದಳು ಮಾಳಮ್ಮ.

"ಉಳಸ್ತೇನಿ. ಮೊದಲು ಹೊಟ್ಟಿ ನೀರು ಇಳಸ್ಬೇಕು, ಆಮ್ಯಾಲ ಸೂಜಿ. ಆದ್ರ ಸತ್ತ ಹುಳ ಹೋಗಿ ಪುಪ್ಪಸದಾಗ ಸಿಕ್ಕೊಳ್ತಾವ. ಸೂಜಿ ಆದಮ್ಯಾಲ ಒಂದು ತಿಂಗಳು ಓಡೂದು, ಅಡ್ಡಾಡೂದು ಬ್ಯಾಡ."

ದಶರಥ ನಕ್ಕ. "ಕುರುಬರ ನಾಯಿ ಕುಂತು ಉಣ್ಣೂದೇನ್ರಿ? ಇಲ್ಲೇ ಬಿಟ್ಟು ಹೋಗೂಣು."

"ನಡೀಲಾರದ ಕುರಿಮರಿ ಬಿಟ್ಟು ಹೋಗ್ತೀ ಏನು?" ಎಂದಳು ಮಾಳಮ್ಮ.

ಹೊರಡುವ ಹೊತ್ತಿಗೆ ಹೊಟ್ಟೆಯ ನೀರು ಇಳಿದು ಸೂಜಿಯೂ ಆಗಿತ್ತು. ಆ ದಿನ ಎಳೆಮರಿಗಳನ್ನು ಹೊರುವ ಕತ್ತೆಯ ಬೆನ್ನಿನ ಮೇಲೆ ಒಂದು ಕಡೆಯ ಚೀಲದಲ್ಲಿ ಮೂರು ಮರಿಗಳು, ಇನ್ನೊಂದು ಕಡೆಯ ಚೀಲದಲ್ಲಿ ಹುಲ್ಯಾ. ತಾಯಿತ ಮತ್ತೆ ಅದರ ಕೊರಳಲ್ಲಿತ್ತು. ಊರಾಚೆ ಟಗರೊಂದು ಜೋಳದ ಹೊಲಕ್ಕೆ ನುಗ್ಗಿತು. ಹುಲ್ಯಾ ಚೀಲದಿಂದ ತಲೆ ಎತ್ತಿ ಬೊಗಳಿತು, ಕೆಮ್ಮಲಿಲ್ಲ. ಟಗರು ಹಿಂಡಿಗೆ ಮರಳಿತು.