ಚರಗಕ್ಕೊಂದು ಚಪ್ಪಡಿಯಗಲ ನೆಲ

ಎಳ್ಳಮಾವಾಸ್ಯೆಯ ಅಡುಗೆಗೆ ಉಪ್ಪು ನೋಡುವ ಹಾಗಿಲ್ಲ. ಭೂಮಿತಾಯಿ ಉಣ್ಣುವ ಮೊದಲು ಯಾರ ನಾಲಿಗೆಗೂ ಅದು ತಾಗಬಾರದು. ಅದಕ್ಕೇ ರೇಣವ್ವ ಪುಂಡಿಪಲ್ಯದ ಪಾತ್ರೆಯನ್ನು ಎತ್ತಿ ತಂದು ಅತ್ತೆಯ ಮೂಗಿನ ಹತ್ತಿರ ಹಿಡಿದಳು.

“ಇನ್ನೊಂದು ಚಿಟಕಿ ಹಾಕವಾ,” ಎಂದಳು ತಂಗೆವ್ವ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಬಿಟಿಎಂ ಲೇಔಟಿನಲ್ಲಿ ಆಗಿನ್ನೂ ಮನೆಗೆ ಮನೆ ಅಂಟಿರಲಿಲ್ಲ. ಎರಡು ಮನೆಗಳ ನಡುವೆ ಒಂದು ಖಾಲಿ ಸೈಟು ಇದ್ದೇ ಇರುತ್ತಿತ್ತು. ಗದಗದ ಕಡೆಯಿಂದ ಬಂದ ರೇಣವ್ವ, ಹೊಳೆಪ್ಪ ದಂಪತಿ ಮುನಿವೆಂಕಟಮ್ಮನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದರು. ಹೊಳೆಪ್ಪನದು ಜಯನಗರದ ಒಂದು ಆಫೀಸಿನಲ್ಲಿ ಅಟೆಂಡರ್ ಕೆಲಸ. ಅವನ ತಾಯಿ ತಂಗೆವ್ವ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದು ಐದು ದಿನವಾಗಿತ್ತು. ಒಂದು ಕಣ್ಣಿಗೆ ಹಸಿರು ಬಟ್ಟೆ, ಇನ್ನೊಂದು ಕಣ್ಣು ಮೊದಲಿಂದಲೂ ಮಬ್ಬು.

ಕಾಣದಿದ್ದರೇನಂತೆ, ಆ ದಿನದ ಅಡುಗೆಯನ್ನು ಮುದುಕಿ ಕಿವಿಯಿಂದಲೇ ಮಾಡಿಸಿದಳು. ಸಜ್ಜಿರೊಟ್ಟಿ ಬಡಿಯುವ ಸಪ್ಪಳ ಕೇಳಿ, “ಅಂಚು ದಪ್ಪ ಆತು, ತಿರುವು,” ಎನ್ನುವಳು. ಬದನೆಕಾಯಿ ಎಣ್ಣೆಯಲ್ಲಿ ಚುರುಗುಟ್ಟಿದರೆ, “ಈಗ ಗುರೆಳ್ಳಪುಡಿ,” ಎನ್ನುವಳು. ಸಜ್ಜಿಹಿಟ್ಟು ಊರಿಂದ ಅವಳ ಚೀಲದಲ್ಲೇ ಬಂದಿತ್ತು. ಶೇಂಗಾ ಹೋಳಿಗೆ, ಕಡುಬು, ಅಂಬಲಿ, ಚಟ್ನಿಪುಡಿಯಂಥ ಅಗಸಿ ಹಿಂಡಿ ಎಲ್ಲ ಒಂದೊಂದಾಗಿ ಸಾಲುಗೂಡಿದವು. ಆ ವಾಸನೆಗೆ ರೇಣವ್ವನಿಗೆ ತಾನು ಮದುವೆಯಾಗಿ ಬಂದ ವರ್ಷದ ಹಬ್ಬ ನೆನಪಾಯಿತು. ಎದೆಮಟ್ಟದ ಜೋಳ, ಬನ್ನಿಗಿಡದ ಬುಡದಲ್ಲಿ ಸುಣ್ಣ ಹಚ್ಚಿದ ಐದು ಕಲ್ಲು, ಮುಂದೆ ಚರಗ ಚೆಲ್ಲುತ್ತ ಹೋಗುವ ಅತ್ತೆ, ಹಿಂದೆ ನೀರು ಚಿಮುಕಿಸುತ್ತ ತಾನು. ಎಲ್ಲ ಅಡುಗೆಯನ್ನೂ ಕೂಡಿಸಿ ಮುರಿದು, ಬಸುರಿ ಭೂಮಿಗೆ ಬಯಕೆಯ ಊಟವೆಂದು ಪೈರಿನೊಳಗೆ ಚೆಲ್ಲುವುದೇ ಚರಗ. ಅದಾದ ಮೇಲೆಯೇ ಮನುಷ್ಯರ ಊಟ.

ತೊಡಕು ಇದ್ದದ್ದು ಅಲ್ಲಿಯೇ. ತಂಗೆವ್ವ ಎಪ್ಪತ್ತು ವರ್ಷದಲ್ಲಿ ಒಮ್ಮೆಯೂ ಚರಗ ಚೆಲ್ಲದೆ ಉಂಡವಳಲ್ಲ. ಊಟವಾಗದೆ ಮಾತ್ರೆ ನುಂಗುವಂತಿರಲಿಲ್ಲ. ಮಾತ್ರೆ ತಪ್ಪಿದರೆ ಕಣ್ಣಿಗೆ ಕೇಡು ಎಂದು ಡಾಕ್ಟರು ಎರಡೆರಡು ಸಲ ಹೇಳಿ ಕಳಿಸಿದ್ದರು.

ಹೊಳೆಪ್ಪ ಡ್ಯೂಟಿಗೆ ಹೊರಡುವಾಗ ಹೆಂಡತಿಯ ಕಿವಿಯಲ್ಲಿ ಹೇಳಿ ಹೋಗಿದ್ದ: “ಬಾಜೂ ಸೈಟಿಗೆ ಕರಕೊಂಡು ಹೋಗಿ ಚೆಲ್ಲಿಸಿಬಿಡು. ಅವ್ವಗೇನು ಕಾಣ್ತೈತಿ?”

ರೇಣವ್ವನ ಮನಸ್ಸು ಒಪ್ಪಲಿಲ್ಲ. ಆದರೆ ಬಿಸಿಲು ನೆತ್ತಿಗೆ ಬಂದಿತ್ತು, ಮುದುಕಿಯ ಮಾತ್ರೆಯ ಹೊತ್ತು ಮೀರುತ್ತಿತ್ತು. ಚರಗದ ಬುಟ್ಟಿ ಸೊಂಟಕ್ಕಿಟ್ಟು, ಅತ್ತೆಯ ಕೈ ಹಿಡಿದು, ಮೆಟ್ಟಿಲಿಳಿಸಿ ಪಕ್ಕದ ಸೈಟಿಗೆ ಕರೆತಂದಳು.

“ಬಂತತ್ತಿ, ಹೊಲ.”

“ಇಷ್ಟು ಸಮೀಪ? ಯಾರದು?”

“ಇಲ್ಲೇ ಒಬ್ಬರದು.”

“ಒಂದು ಹಿಡಿ ಮಣ್ಣು ಕೊಡು. ಮೊದಲು ಕೈ ಮುಗೀತೀನಿ.”

ರೇಣವ್ವ ಬಗ್ಗಿ, ಜಲ್ಲಿಯನ್ನು ಸರಿಸಿ, ಸಿಕ್ಕಿದ್ದನ್ನು ಬಾಚಿ ಅತ್ತೆಯ ಅಂಗೈಗೆ ಹಾಕಿದಳು. ತಂಗೆವ್ವ ಅದನ್ನು ಹೆಬ್ಬೆರಳಿನಿಂದ ತಿಕ್ಕಿದಳು.

“ಇದು ಉಸುಕು, ರೇಣವ್ವಾ. ಸಿಮೆಂಟೂ ಕೂಡೈತಿ. ಇದಕ್ಕ ಹಸಿವಿಲ್ಲ. ಇದಕ್ಕ ಉಣ್ಣಿಸಿ ನಾ ಏನ ಉಣ್ಲಿ?”

ಬೈದಿದ್ದರೆ ಒಳ್ಳೆಯದಿತ್ತು. ರೇಣವ್ವನ ಕಣ್ಣು ತುಂಬಿದವು. ಅಷ್ಟರಲ್ಲಿ ಕಾಂಪೌಂಡಿನಾಚೆಯಿಂದ ಮುನಿವೆಂಕಟಮ್ಮನ ದನಿ ಕೇಳಿಸಿತು.

“ಏನಮ್ಮಾ ರೇಣವ್ವ, ಸೈಟ್‌ಗೆ ಊಟ ಹಾಕಕ್ಕೆ ಬಂದಿದೀಯಾ? ಓನರ್ರು ಬಂದು ಅವ್ರಿಗೂ ಒಂದ್ ಎಲೆ ಕೇಳ್ತಾರೆ ನೋಡು!”

ಮುನಿವೆಂಕಟಮ್ಮ, ಆಕೆಯ ಗಂಡ ಚಿಕ್ಕಬೈರಪ್ಪ ಲೇಔಟಿಗಿಂತ ಮೊದಲಿದ್ದ ಹಳ್ಳಿಯವರು. ಬಾಯಿ ಜೋರು, ಕೈ ಧಾರಾಳ. ಅವರೆಕಾಯಿ ಕಾಲದಲ್ಲಿ ಹಿತಕಿದಬೇಳೆ ಸಾರನ್ನು ಬಟ್ಟಲು ತುಂಬ ಮಹಡಿಗೆ ಕಳಿಸುವಾಕೆ. ರೇಣವ್ವ ಅದನ್ನು ನಗುನಗುತ್ತ ಇಸಿದುಕೊಂಡು, ಕೋಳಿ ಬೇಯಿಸುವ ಮನೆಯ ಪಾತ್ರೆಯೆಂದು ಬೀದಿಯ ಹಸುವಿಗೆ ಸುರಿದು, ಬಟ್ಟಲನ್ನು ಬೆಳಗಿ ಹಿಂದಿರುಗಿಸುತ್ತಿದ್ದಳು.

ಈಗ ವಿಧಿಯಿರಲಿಲ್ಲ. ಅವಳು ನಡೆದದ್ದನ್ನೆಲ್ಲ ಹೇಳಿದಳು. ಮುನಿವೆಂಕಟಮ್ಮನ ನಗು ನಿಂತಿತು.

“ಅಯ್ಯೋ, ಇಷ್ಟೊತ್ತಾದ್ರೂ ಅಜ್ಜಿಗೆ ಊಟ ಇಲ್ವಾ? ನೀವು ನಿಂತಿರೋದು, ನಾನು ನಿಂತಿರೋದು, ಲೇಔಟ್ ಆಗೋ ಮುಂಚೆ ಎಲ್ಲಾ ನಮ್ದೇ ಹೊಲ ಕಣಮ್ಮಾ. ರಾಗಿ, ಅವರೆ, ಹುಚ್ಚೆಳ್ಳು ಎಲ್ಲಾ ಬೆಳೀತಿದ್ವಿ. ಮೇಲೆ ಕಲ್ಲು ಹಾಕಿದೀವಿ ಅಷ್ಟೆ, ಮಣ್ಣೆಲ್ಲಿ ಹೋಗ್ತದೆ? ಬನ್ನಿ ಹಿತ್ತಲಿಗೆ.”

ಹಿತ್ತಲಲ್ಲಿ ಪಾತ್ರೆ ತೊಳೆಯುವ ಜಾಗಕ್ಕೆಲ್ಲ ಚಪ್ಪಡಿ ಹಾಸಿತ್ತು. ಆಕೆ ಹಾರೆ ತಂದು ತುದಿಯ ಚಪ್ಪಡಿಯೊಂದರ ಸಂದಿಗೆ ಕೊಟ್ಟವಳು, ಹಾಗೆಯೇ ನಿಂತಳು.

“ನೋಡಜ್ಜಿ, ಮುಚ್ಚಿಟ್ರೆ ನಂಗೇ ಪಾಪ. ಕೋಳಿ ತೊಳೆಯೋದೂ ಇಲ್ಲೇನೆ. ಬೆಳಿಗ್ಗೆ ನಾನು ಮೊಟ್ಟೆ ಬೇರೆ ತಿಂದಿದೀನಿ. ನಿಮ್ ಸೊಸೆಗೆ ಆಗಲ್ಲ, ನಂಗೊತ್ತು. ನಮ್ಮನೆ ಸಾರು ಹಸುಗೆ ಹೋಗೋದನ್ನ ನಾನೇ ಕಿಟಕೀಲಿ ನೋಡಿದೀನಿ.”

ರೇಣವ್ವನಿಗೆ ನೆಲ ಬಿರಿದು ತನ್ನನ್ನೇ ನುಂಗಬಾರದೇ ಎನ್ನಿಸಿತು. ತಂಗೆವ್ವ ಮಾತ್ರ ದನಿ ಬಂದ ಕಡೆ ಮುಖ ತಿರುಗಿಸಿ, “ಕಲ್ಲು ಎತ್ತವಾ ಮೊದಲ,” ಎಂದಳು.

ಹಾರೆಗೆ ಮುನಿವೆಂಕಟಮ್ಮನ ಜೊತೆ ರೇಣವ್ವನೂ ಕೈ ಹಾಕಿದಳು. ಚಪ್ಪಡಿ ಎದ್ದು ಗೋಡೆಗೊರಗಿತು. ಅದರಡಿ ತಣ್ಣಗಿನ ಒದ್ದೆ ಮಣ್ಣು, ಬೆಳಕು ಕಂಡು ಮುದುಡಿದ ಎರೆಹುಳ. ರೇಣವ್ವ ಒಂದು ಹಿಡಿ ತೆಗೆದು ಅತ್ತೆಯ ಅಂಗೈಗಿಟ್ಟಳು. ತಂಗೆವ್ವ ಹಿಚುಕಿದಳು, ಮೂಸಿದಳು.

“ಎರಿ ಮಣ್ಣೇನು, ನಮ್ಮ ಹೊಲದ್ಹಂಗ ಕರೀದು?”

ಹೌದೆಂದಿದ್ದರೆ ಮುದುಕಿಗೆ ಎಷ್ಟೋ ಸಂತೋಷವಾಗುತ್ತಿತ್ತು. ರೇಣವ್ವ ನಿಜವನ್ನೇ ಹೇಳಿದಳು.

“ಅಲ್ಲತ್ತಿ. ಕೆಂಪು ಮಣ್ಣು. ಕೋಳಿ ತೊಳೆಯೋ ಜಾಗ ಅನ್ನೋದೂ ಖರೇನ. ಆಗ ಸೈಟಿನ್ಯಾಗ ಸುಳ್ಳು ಹೇಳಿದ್ದು ನಾನ.”

“ಇದು ಜೀವಂತ ಐತಿ,” ಎಂದು ತಂಗೆವ್ವ ಮಣ್ಣನ್ನು ಕಣ್ಣಿಗೊತ್ತಿಕೊಳ್ಳಲು ಹೋದಳು. ಕಣ್ಣಿನ ಬಟ್ಟೆ ನೆನಪಾಗಿ ಹಣೆಗೆ ಮುಟ್ಟಿಸಿಕೊಂಡಳು. “ಇದು ಯಾರನ್ನ ಬ್ಯಾಡ ಅಂದೈತಿ? ನಾಳೆ ನನ್ನನ್ನೂ ಒಳಗ ಕರಕೊಳ್ಳಾಕಿ ಈ ಭೂಮಿತಾಯೀನ. ಆದರ ಹೊಲದೊಡತಿ ಇರುವಾಗ ನಾ ಮೊದಲ ಚೆಲ್ಲಬಾರದು. ರೇಣವ್ವಾ, ಬುಟ್ಟಿ ಆಕಿ ಕೈಗೆ ಕೊಡು.”

ಬೆಳಗಿನಿಂದ ಮಡಿಯಲ್ಲಿ ಬೇಯಿಸಿದ ಚರಗ. ರೇಣವ್ವನ ಕೈ ಒಂದು ಕ್ಷಣ ಬುಟ್ಟಿಯ ಅಂಚನ್ನು ಬಿಡಲಿಲ್ಲ. ಆಮೇಲೆ ಬಿಟ್ಟಿತು.

“ಮೊಟ್ಟೆ ತಿಂದಿದೀನಿ ಅಂದ್ನಲ್ಲಾ…” ಎಂದಳು ಮುನಿವೆಂಕಟಮ್ಮ. ಜೋರು ಬಾಯಿಯ ಆಕೆಯ ದನಿ ಮೊದಲ ಸಲ ಸಣ್ಣದಾಗಿತ್ತು.

“ಬಾಯಿ ಮುಕ್ಕಳಿಸಿ, ಕೈಕಾಲು ತೊಳಕೊಂಡು ಬರ್ರಿ ಅಕ್ಕಾ,” ಎಂದಳು ರೇಣವ್ವ. “ನಾ ಕಾಯ್ತೀನಿ.”

ಮುನಿವೆಂಕಟಮ್ಮ ನಲ್ಲಿಯಡಿ ತೊಳೆದುಕೊಂಡು, ಸೆರಗಿನಿಂದ ತಲೆ ಮುಚ್ಚಿ ಬಂದಳು. ತಂಗೆವ್ವ ಹಾಡುವವಳಂತೆ ದನಿಯೆತ್ತಿ, “ಹುಲ್ಲುಲ್ಲಿಗೋ…” ಎಂದು ಚರಗದ ಕೂಗು ಹಾಕಿದಳು. “ಚಲ್ಲಂಬರಿಗೋ…” ಎಂದು ರೇಣವ್ವ ದನಿಗೂಡಿಸಿದಳು. ಒಡತಿ ಮೊದಲ ಹಿಡಿಯನ್ನು ಮಣ್ಣಿಗೆ ಚೆಲ್ಲಿದಳು. ಹಾರೆ ಹಿಡಿದು ಕೆಂಪಾಗಿದ್ದ ಅದೇ ಕೈಯನ್ನು ಮತ್ತೆ ಚರಗಕ್ಕೆ ಹಾಕಿದಳು.

“ಒಂಬತ್ತು ವರ್ಷ ಆಯ್ತು ಕಣಜ್ಜಿ,” ಎಂದಳು. “ಮುಚ್ಚಿದ್ಮೇಲೆ ಒಂದ್ಸಲಾನೂ ಈ ಮಣ್ಣು ಮುಟ್ಟಿರ್ಲಿಲ್ಲ.”

ತಂಗೆವ್ವನೂ ಚೆಲ್ಲಿ ಚರಗ ಮುಗಿದ ಮೇಲೆ ರೇಣವ್ವ ಅಡುಗೆಯನ್ನೆಲ್ಲ ಮಹಡಿಯಿಂದ ಕೆಳಗೇ ಹೊತ್ತು ತಂದಳು. ಮೂರು ತಟ್ಟೆ ಇಟ್ಟಳು. ಮೊದಲ ತುತ್ತಿಗೆ ತಂಗೆವ್ವನ ಮುಖ ಸಡಿಲವಾಯಿತು. ಎರಡು ರೊಟ್ಟಿ, ಒಂದು ಹೋಳಿಗೆ ಉಂಡಳು, ಮಾತ್ರೆಯನ್ನೂ ನುಂಗಿದಳು. ಮುನಿವೆಂಕಟಮ್ಮ ಹಿಂಡಿಯ ಖಾರಕ್ಕೆ ಮೂಗು ಒರೆಸಿಕೊಳ್ಳುತ್ತ, “ಅಬ್ಬಬ್ಬಾ, ಇದನ್ನ ತಿಂದು ನೀವಿಷ್ಟು ಮೆತ್ತಗೆ ಹೆಂಗ್ ಮಾತಾಡ್ತೀರಮ್ಮಾ!” ಎಂದು ಇನ್ನೊಂದು ರೊಟ್ಟಿಗೆ ಕೈ ಚಾಚಿದಳು.

ಹೊಟ್ಟೆ ತುಂಬಿದ ಮುದುಕಿ ಗೋಡೆಗೊರಗಿ, ಮಾರ್ಗಶಿರದ ಹಿತವಾದ ಬಿಸಿಲಲ್ಲಿ ಕುಳಿತಲ್ಲೇ ನಿದ್ದೆಹೋದಳು. ರೇಣವ್ವ ಎಬ್ಬಿಸಲು ಕೈ ನೀಡಿದಳು.

“ಮಲಗ್ಲಿ ಬಿಡೇ,” ಎಂದು ಮುನಿವೆಂಕಟಮ್ಮ ತಡೆದಳು. ತೆರೆದ ಮಣ್ಣಿನ ಮೇಲೆ ಇರುವೆಗಳು ಆಗಲೇ ಸಾಲುಗಟ್ಟಿದ್ದವು. ಇಬ್ಬರೂ ದನಿ ತಗ್ಗಿಸಿ ಮಾತಾಡುತ್ತ ಅಲ್ಲಿಯೇ ಕುಳಿತರು.