ಉಪ್ಪುಬಯಲಿನ ಕೊಪ್ಪರಿಗೆ

ನಾನು ಒಂದು ಕೊಪ್ಪರಿಗೆ. ಅಯ್ಯೋ, ಅಡುಗೆ ಪಾತ್ರೆಯ ಕಥೆಯೇ ಎಂದು ಮೂಗು ಮುರಿಯಬೇಡಿ! ಇಪ್ಪತ್ತು ಸೂರ್ಯರ ಸಾಮ್ರಾಜ್ಯದಲ್ಲಿ ಕೊಪ್ಪರಿಗೆ ಎಂದರೆ ಬರೀ ಪಾತ್ರೆಯಲ್ಲ, ಪಡೆ. ಆಕಾಶದ ದಂಡನ್ನು ಹಡಗುಗಳಿಂದ ಎಣಿಸುತ್ತಾರೆ, ನೆಲದ ದಂಡನ್ನು ನಮ್ಮಿಂದ. ಒಟ್ಟಿಗೆ ಕೂತು ಉಣ್ಣುವ ಹತ್ತು ಜನ ಒಂದು ಪಂಕ್ತಿ. ಅಂಥ ಹತ್ತು ಪಂಕ್ತಿಗೆ ಅನ್ನ ಹಾಕುವುದು ಒಂದು ಕೊಪ್ಪರಿಗೆ. ಹತ್ತು ಕೊಪ್ಪರಿಗೆ ಒಂದೆಡೆ ಇಳಿದರೆ ಅದು ಪಾಳೆಯ. ದಾರಿಯಲ್ಲಿ ಸಿಕ್ಕ ಸೈನಿಕನನ್ನು ಯಾರೂ ಊರು ಕೇಳುವುದಿಲ್ಲ, 'ನಿಂದು ಯಾವ ಕೊಪ್ಪರಿಗೆ?' ಎಂದೇ ಕೇಳುತ್ತಾರೆ. ಅಂದಮೇಲೆ ನಾನು ಸ್ವಲ್ಪ ಬೀಗಿದರೆ ತಪ್ಪೇನು?

ಕಮ್ಮಟ ಎಂಬ ಚಂದ್ರನ ಮೇಲೆ ನಾನು ಹುಟ್ಟಿದೆ. ನನ್ನ ತಾಯಿ ಒಂದು ಹಳೆಯ ಇಳಿಹಡಗು. ಯೋಧರನ್ನು ಆಕಾಶದಿಂದ ನೆಲಕ್ಕಿಳಿಸಿ ಇಳಿಸಿ ಅದರ ತಳ ಸವೆದುಹೋಗಿತ್ತು. ಅದನ್ನು ಕರಗಿಸಿ ಅಚ್ಚಿಗೆ ಎರೆದರು, ಆರುವ ಮೊದಲೇ ಸುತ್ತಿಗೆಯಿಂದ ಬಡಿದರು. ಆ ಏಟುಗಳನ್ನು ನೆನೆದರೆ ಈಗಲೂ ಮೈ ಝುಂ ಎನ್ನುತ್ತದೆ. ಆದರೆ ಪ್ರತಿ ಏಟಿಗೂ ನನ್ನಿಂದ ಎಂಥ ನಾದ ಹೊರಟಿತು ಅಂತೀರಿ! ಎರಡು ಕಡೆ ಗಟ್ಟಿ ಹಿಡಿಗಳನ್ನು ಬೆಸೆದು, ಎತ್ತಿ ನಿಲ್ಲಿಸಿದಾಗ ಕಮ್ಮಾರರೆಲ್ಲ ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು. ನನಗೆ ನಾಚಿಕೆಯೂ ಆಯಿತು, ಹಿಗ್ಗೂ ಆಯಿತು.

ಮೊದಲು ನನ್ನನ್ನು ಕಗ್ಗಲ್ಲು ಲೋಕದವರಿಗೆ ಕೊಟ್ಟರು. ಕಗ್ಗಲ್ಲೆಂದರೆ ಬರೀ ಬಂಡೆ. ಅಲ್ಲಿನ ಮಕ್ಕಳು ನಡೆಯುವ ಮೊದಲು ಹತ್ತುವುದನ್ನು ಕಲಿಯುತ್ತಾರೆ. ಹಿಂದೆ ಯಾವುದೋ ಮುತ್ತಿಗೆಯಲ್ಲಿ ಶತ್ರುಗಳು ಅವರ ನೀರಿಗೆ ವಿಷ ಬೆರೆಸಿದ್ದರಂತೆ. ಅಂದಿನಿಂದ ಅವರಲ್ಲಿ ಒಂದು ಪದ್ಧತಿ: ದಳವಾಯಿ ಮೊದಲ ತುತ್ತು ತಿನ್ನಬೇಕು. ಅವನು ತಿಂದು, ನುಂಗಿ, ತಲೆಯಾಡಿಸಿದ ಮೇಲೆಯೇ ಉಳಿದವರು ತಟ್ಟೆಗೆ ಕೈ ಹಾಕುವುದು. ನಾನು ಒಲೆಯ ಮೇಲೆ ಕೂತು ತಲೆಯೆತ್ತಿ ನೋಡುವವಳು. ನನಗೆ ಕಾಣುವುದು ಗದ್ದ, ಮೂಗಿನ ಹೊಳ್ಳೆ, ಮೀಸೆಯ ಅಡಿಭಾಗ. ನನ್ನ ಮೊದಲ ದಳವಾಯಿಯ ಗಂಟಲಿನ ಗಂಟು ಮೇಲೆ ಹೋಗಿ ಕೆಳಗೆ ಬಂತೆಂದರೆ ಸಾಕು, ನೂರು ಕೈಗಳು ಒಮ್ಮೆಲೇ ಚಲಿಸುತ್ತಿದ್ದವು. ಲೋಕದಲ್ಲೆಲ್ಲ ಹೀಗೆಯೇ ಉಣ್ಣುತ್ತಾರೆ ಎಂದು ನಾನು ನಂಬಿಬಿಟ್ಟಿದ್ದೆ.

ಹೀಗಿರುವಾಗ ಎಲ್ಲೋ ದೂರದ ಒಂದು ಲೋಕದಲ್ಲಿ ದಂಗೆಯೆದ್ದಿತು. ಆ ಲೋಕದವರೇ ತುಂಬಿದ್ದ ಪಾಳೆಯ ದಂಗೆಯೆದ್ದ ತಮ್ಮೂರ ಮಾಂಡಲಿಕನ ಬೆನ್ನಿಗೆ ನಿಂತುಬಿಟ್ಟಿತು. ಸಾಮ್ರಾಜ್ಯವನ್ನಾಳುವ ಚಕ್ರೇಶ್ವರಿ ಅಮ್ಮನವರು ಸಿಟ್ಟಿನಿಂದ ಆಜ್ಞೆ ಹೊರಡಿಸಿದರು: ಇನ್ನು ಮೇಲೆ ಯಾವ ಕೊಪ್ಪರಿಗೆಯಲ್ಲೂ ಒಂದೇ ಲೋಕದವರು ಇರಕೂಡದು! ನೆಲದ ದಂಡನ್ನೆಲ್ಲ ಹೊಸದಾಗಿ ಕಟ್ಟುವ ಕೆಲಸ ವ್ಯೂಹಾಧಿಕಾರಿ ವಾಮನಮೂರ್ತಿಯವರ ಹೆಗಲಿಗೆ ಬಿತ್ತು. ರಾಜಧಾನಿಯ ಮನುಷ್ಯ, ಬಲು ಶಿಸ್ತಿನವರು. ಅವರ ಕೋಣೆಯ ಗೋಡೆಯ ತುಂಬ ಬಣ್ಣದ ಚುಕ್ಕೆಗಳು ಮಿನುಗುತ್ತಿದ್ದವಂತೆ. ಕಗ್ಗಲ್ಲಿನವರು ಕೆಂಪು, ಹೆಮ್ಮಡು ಎಂಬ ನೀರಿನ ಲೋಕದವರು ನೀಲಿ. ಬಂಡೆ ಹತ್ತುವವರನ್ನೂ ದೋಣಿ ನಡೆಸುವವರನ್ನೂ ಸೇರಿಸಿದರೆ ಯಾವ ನೆಲದ ಮೇಲಾದರೂ ಕಾದಬಲ್ಲ ಪಡೆ ಸಿದ್ಧವಾಗುತ್ತದೆಂದು ಅವರ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಪಾಪ, ಚುಕ್ಕೆಗಳು ಉಣ್ಣುವುದಿಲ್ಲ, ಅಷ್ಟೇ.

ನನ್ನ ಪಾಲಿಗೆ ಅರ್ಧ ಕೆಂಪು, ಅರ್ಧ ನೀಲಿ ಬಂತು. ನಮ್ಮನ್ನು ಉಪ್ಪುಬಯಲು ಎಂಬ ಲೋಕದಲ್ಲಿ ಇಳಿಸಿದರು. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಮಾಡಿದವರು ಇಳಿಹಡಗಿನಲ್ಲಿ ಕೂತವರಲ್ಲ; ನನ್ನೊಳಗಿದ್ದ ಅರ್ಧ ಸಾರು ಹಡಗಿನ ಚಾವಣಿಗೇ ಅಂಟಿತು! ಅಲ್ಲಿ ಒಂದು ಕಣಿವೆ. ಕಣಿವೆಯ ಹಿಂದೆ ಉಪ್ಪಿನ ಗಣಿಯವರ ಊರು. ಹೆಂಗಸರು, ಮಕ್ಕಳು, ಮುದುಕರು, ಕತ್ತೆಗಳು. ಕೊಳ್ಳೆಗಾರರ ಹಡಗುಗಳು ವರ್ಷ ವರ್ಷ ಬಂದು ಆ ಊರನ್ನು ದೋಚುತ್ತಿದ್ದವು. ಈ ವರ್ಷ ನಾವು ಕಣಿವೆಯ ಬಾಯಿ ಕಾಯಬೇಕು.

ದಳವಾಯಿಯಾಗಿ ಬಂದವಳು ಹೆಮ್ಮಡುವಿನ ಚಿಕ್ಕತಾಯಮ್ಮ. ಅಗಲ ಭುಜ, ದಪ್ಪ ದನಿ, ನಕ್ಕರೆ ನನ್ನ ಅಂಚು ಅದುರುತ್ತಿತ್ತು. ಮೊದಲ ದಿನ ಅವಳೇ ಸೌಟು ಹಿಡಿದು ನುಚ್ಚು, ಹುರುಳಿಕಾಳಿನ ಸಾರು ಬಡಿಸಿದಳು. ಬಡಿಸಿ, ಸೆರಗಿಗೆ ಕೈ ಒರೆಸಿಕೊಂಡು ಪಕ್ಕಕ್ಕೆ ನಿಂತಳು.

ತಿನ್ನಲಿಲ್ಲ.

ಯಾಕೆ ತಿನ್ನುತ್ತಿಲ್ಲ? ನನ್ನೊಳಗೆ ಏನಾದರೂ ಹಾಕಿದ್ದಾಳೆಯೇ? ನನ್ನ ಹೊಟ್ಟೆಯನ್ನು ನಾನೇ ತಡಕಾಡಿಕೊಂಡೆ. ಉಪ್ಪು, ಖಾರ, ಹುಣಸೆ ಬಿಟ್ಟು ಬೇರೇನೂ ಇರಲಿಲ್ಲ. ಹೆಮ್ಮಡುವಿನವರು ಸೊರಸೊರ ಉಣ್ಣತೊಡಗಿದರು. ಕಗ್ಗಲ್ಲಿನವರು ಮಾತ್ರ ತಟ್ಟೆ ನೋಡಿದರು, ದಳವಾಯಿಯ ಬಾಯಿ ನೋಡಿದರು, ಮತ್ತೆ ತಟ್ಟೆ ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ಎದ್ದು ಚೀಲದಲ್ಲಿದ್ದ ಒಣರೊಟ್ಟಿ ಕಡಿಯತೊಡಗಿದರು. ಚಿಕ್ಕತಾಯಮ್ಮನ ಮುಖ ಸಣ್ಣದಾಯಿತು. ತನ್ನ ಕೈಯ ಅಡುಗೆ ಇವರಿಗೆ ಬೇಡವೇ ಎಂದು ಅವಳಿಗೆ ನೋವು. ನಮ್ಮನ್ನು ಕೊಲ್ಲಲು ಬಂದವಳೇ ಎಂದು ಇವರಿಗೆ ಗುಮಾನಿ. ಬಾಯಿಬಿಟ್ಟು ಕೇಳಿದ್ದರೆ ಯಾರ ಕಿರೀಟ ಬೀಳುತ್ತಿತ್ತು? ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಮ್ಮವರಿಗೆ ಆಗ ಊಟವೂ ಇರಲಿಲ್ಲ, ಮಾತೂ ಇರಲಿಲ್ಲ.

ದಿನ ಕಳೆದಂತೆ ಎಲ್ಲವೂ ಎರಡಾಯಿತು. ಬಿಡಾರ ಎರಡು, ಕಾವಲು ಎರಡು, ಕವಾಯತಿನಲ್ಲಿ ಎಡಗಾಲು ಎರಡು. ಅಷ್ಟರಲ್ಲಿ ವಾಮನಮೂರ್ತಿಯವರು ತಪಾಸಣೆಗೆ ಬಂದರು. ಅರ್ಧ ಪಡೆ ನನ್ನ ಮುಂದೆ ಕೂತು ಉಣ್ಣುವುದನ್ನೂ ಅರ್ಧ ಪಡೆ ಬಂಡೆಯ ಮೇಲೆ ರೊಟ್ಟಿ ಮುರಿಯುವುದನ್ನೂ ನೋಡಿ ಹುಬ್ಬು ಗಂಟಿಕ್ಕಿದರು.

"ಇದೇನಮ್ಮಾ ಇದು? ಒಂದು ಕೊಪ್ಪರಿಗೆಯಲ್ಲಿ ಉಣ್ಣದವರು ಒಂದು ಪಡೆ ಹೇಗಾಗ್ತಾರೆ? ನಾನು ಮತ್ತೆ ಬರೋ ಹೊತ್ತಿಗೆ ಎಲ್ಲರೂ ಒಟ್ಟಿಗೆ ಉಣ್ತಿರಬೇಕು. ಇಲ್ಲದಿದ್ರೆ ಬೋರಲು ಹಾಕಿಸ್ತೀನಿ."

ಬೋರಲು! ಆ ಮಾತು ಕೇಳಿದರೆ ಯಾವ ಕೊಪ್ಪರಿಗೆಯ ಜೀವ ತಾನೇ ಹಾರುವುದಿಲ್ಲ? ಎಲ್ಲರೆದುರು ನನ್ನನ್ನು ಮಗುಚಿ ಹಾಕುತ್ತಾರೆ. ಪಡೆಯನ್ನು ಮುರಿದು ಹತ್ತು ದಿಕ್ಕಿಗೆ ಹಂಚುತ್ತಾರೆ. ದಳವಾಯಿಯ ಕೈಯ ಪದವಿಯ ಕಡಗ ಕಳಚುತ್ತಾರೆ. ನಾನು ಮತ್ತೆ ಕುಲುಮೆಗೆ. ಆಗ ಕಣಿವೆ ಬರಿದು, ಊರಿಗೆ ಗತಿ ಯಾರು? ಚಿಕ್ಕತಾಯಮ್ಮ ಕತ್ತೆಗಳ ಹಿಂದೆ ಓಡುವ ಗಣಿಯ ಮಕ್ಕಳನ್ನು ನೋಡುತ್ತ ಬಹಳ ಹೊತ್ತು ನಿಂತಳು. ಅವಳಿಗೆ ಕಡಗದ ಚಿಂತೆ ಇರಲಿಲ್ಲ, ಆ ಊರಿನ ಚಿಂತೆ ಇತ್ತು. ಆಗಲೇ ನಾನು ಅವಳನ್ನು ನಂಬಿದ್ದು.

ಮರುದಿನ ಊಟದ ಹೊತ್ತಿಗೆ ಕಗ್ಗಲ್ಲಿನವರ ಪಂಕ್ತಿ ನಾಯಕಿ ಫಕೀರವ್ವ ಎದ್ದು ಬಂದಳು. ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು. ನೇರ ದಳವಾಯಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ದಳವಾಯರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಮಗ ಬಡಸ್ತೀರಿ, ನೀವ್ಯಾಕ ಉಣ್ಣವಲ್ರಿ? ಅದರಾಗ ಏನ್ ಹಾಕೀರಿ?"

ಚಿಕ್ಕತಾಯಮ್ಮನ ಕೈಯಿಂದ ಸೌಟು ಜಾರಿ ನನ್ನೊಳಗೆ ಬಿತ್ತು.

"ಏನ್ ಹಾಕವ್ನಿ ಅಂತೀಯಲ್ಲವ್ವ! ನೀವೆಲ್ಲಾ ಉಣ್ಣೋಗಂಟ ನಾನೆಂಗವ್ವ ತುತ್ತೆತ್ಲಿ? ನಮ್ ಕಡೆ ದೋಣಿ ನಡ್ಸೋರು ಕಡೇಗೇ ಉಣ್ಣೋದು. ನಡು ನೀರ್ನಲ್ಲಿ ಕೂಳು ಸಾಲ್ದೆ ಹೋದ್ರೆ, ದೋಣಿಯೋರ ಹೊಟ್ಟೆಗೇ ಮೊದ್ಲು ಕಮ್ಮಿಯಾಗ್ಬೇಕು."

ಫಕೀರವ್ವ ಹಣೆ ಚಚ್ಚಿಕೊಂಡಳು.

"ಯವ್ವಾ! ನಮ್ಮ ಕಡೆ ವಿಷಾ ಇದ್ರ ಮೊದಲು ದಳವಾಯಿ ಸಾಯಬೇಕಂತ ಉಣ್ಣೂದ್ರಿ!"

ಆಮೇಲೆ ಚಿಕ್ಕತಾಯಮ್ಮ ನಕ್ಕಳು ನೋಡಿ! ಫಕೀರವ್ವ ಹೊಟ್ಟೆ ಹಿಡಿದು ಕೆಳಗೇ ಕೂತಳು. ಕೆಂಪು, ನೀಲಿ ಎಲ್ಲ ಬಿದ್ದು ಬಿದ್ದು ನಕ್ಕವು. ದಳವಾಯಿ ನನ್ನೊಳಗಿಂದ ಒಂದು ತುತ್ತು ಎತ್ತಿ ಎಲ್ಲರಿಗೂ ಕಾಣುವಂತೆ ತಿಂದಳು, ಬಾಯಿ ತೆರೆದು ತೋರಿಸಿದಳು, ನೂರು ಜನರಿಗೂ ಬಡಿಸಿದಳು, ಕೊನೆಗೆ ತಳ ಕೆರೆದು ತನ್ನ ಪಾಲು ಉಂಡಳು. ಅಂದಿನಿಂದ ಅದೇ ನಮ್ಮ ಪದ್ಧತಿಯಾಯಿತು: ಮೊದಲ ತುತ್ತೂ ಅವಳದು, ಕಡೆಯ ತುತ್ತೂ ಅವಳದು.

ಆಮೇಲಿನ ದಿನಗಳ ಸಂಭ್ರಮ ಏನು ಹೇಳಲಿ! ಹೆಮ್ಮಡುವಿನವರು ಬಂಡೆಗೆ ಹಗ್ಗ ಕಟ್ಟಲು ಕಲಿತರು. ಕಗ್ಗಲ್ಲಿನವರು ಉಪ್ಪಿನ ಕೆಸರಿನಲ್ಲಿ ಕಾಲಿಗೆ ಹಲಗೆ ಕಟ್ಟಿಕೊಂಡು ಜಾರಲು ಕಲಿತರು, ಬಿದ್ದರು, ಬೈಸಿಕೊಂಡರು. ಇಬ್ಬರ ಯುದ್ಧದ ಕೂಗುಗಳು ಬೇರೆ ಬೇರೆ; ಒಬ್ಬರದು ಇನ್ನೊಬ್ಬರಿಗೆ ತಿಳಿಯದು. ಅದಕ್ಕೆ ನನ್ನನ್ನೇ ಬಡಿಯುವುದೆಂದು ಗೊತ್ತುಮಾಡಿದರು. ಬಿಡಿ ಏಟು ಬಿದ್ದರೆ ಮೇಲಿನವರು ಬಂಡೆ ಉರುಳಿಸಬೇಕು, ಬಿಡದೆ ಬಡಿದರೆ ಕೆಳಗಿನವರು ನುಗ್ಗಬೇಕು.

ಕೊಳ್ಳೆಗಾರರು ಹಾಡಹಗಲೇ ಬಂದರು. ಆಕಾಶ ಸೀಳಿಕೊಂಡು ಹಡಗುಗಳು ಇಳಿದವು, ಬೆಂಕಿಯ ಬಾಣಗಳು ಹಾರಿದವು. ಫಕೀರವ್ವ ಸೌಟು ತಿರುಗಿಸಿ ಹಿಡಿದು ನನಗೆ ಬಾರಿಸಿದಳು. ಢಣ್! ಮೇಲಿಂದ ಬಂಡೆಗಳ ಮಳೆ. ಢಣ್! ಮತ್ತೊಂದು ಮಳೆ. ಶತ್ರುಗಳು ಚದುರಿ ಉಪ್ಪಿನ ಕೆಸರಿಗೆ ಕಾಲಿಟ್ಟು ಮೊಣಕಾಲವರೆಗೆ ಹೂತರು. ಆಗ ಢಣಢಣಢಣ! ಕೆಳಗಿನವರು ಹಲಗೆಗಳ ಮೇಲೆ ಜಾರುತ್ತ ನುಗ್ಗಿದರು, ಎಲ್ಲರ ಮುಂದೆ ಚಿಕ್ಕತಾಯಮ್ಮ. ಒಂದು ಬಾಣ ಬಂದು ನನ್ನ ಎಡಗಡೆಯ ಹಿಡಿಯನ್ನೇ ಹಾರಿಸಿಕೊಂಡು ಹೋಯಿತು. ಹೋಗಲಿ ಬಿಡಿ! ನಾನು ಇನ್ನೂ ಜೋರಾಗಿ ಮೊಳಗಿದೆ. ಸೂರ್ಯ ನೆತ್ತಿಯಿಂದ ಇಳಿಯುವಷ್ಟರಲ್ಲಿ ಉಳಿದ ಹಡಗುಗಳು ಬಾಲ ಮುದುರಿಕೊಂಡು ಹಾರಿದವು. ಊರಿನ ಒಂದು ಕತ್ತೆಯ ಕೂದಲೂ ಕೊಂಕಲಿಲ್ಲ.

ಕೂಡಲೇ ಒಲೆ ಹೊತ್ತಿಸಿದರು. ನುಚ್ಚು ಬೆಂದಿತು, ಬಡಿಸಿದರು. ಆದರೆ ಚಿಕ್ಕತಾಯಮ್ಮ ಬಂದಿರಲಿಲ್ಲ. ಗಾಯಗೊಂಡು ಉಳಿದವರನ್ನು ಹುಡುಕಲು ಕೆಸರಿಗೆ ಮರಳಿದ್ದಳು. ಕಗ್ಗಲ್ಲಿನವರು ತಟ್ಟೆ ಮುಟ್ಟಲಿಲ್ಲ. ಅದು ಸರಿ. ಹೆಮ್ಮಡುವಿನವರೂ ಮುಟ್ಟಲಿಲ್ಲ! 'ಅಕ್ಕ ತಿನ್ನದೆ ನಾವೆಂಗುಣ್ಣೋದು' ಎಂದು ಅವರೂ ಕೈಕಟ್ಟಿ ಕೂತರು. ಬೆಳಗಿನಿಂದ ಕಾದಿ ಹಸಿದವರು, ಮುಂದೆ ಹೊಗೆಯಾಡುವ ತಟ್ಟೆ, ಒಬ್ಬರೂ ಉಣ್ಣುತ್ತಿಲ್ಲ.

ಅದೇ ಹೊತ್ತಿಗೆ ಬರಬೇಕೇ ವಾಮನಮೂರ್ತಿಯವರು! ಹಡಗಿನಿಂದ ಇಳಿದವರೇ ತುಂಬಿದ ತಟ್ಟೆಗಳನ್ನು ನೋಡಿದರು.

"ಹೋದ ಸಲ ಅರ್ಧ ಜನವಾದ್ರೂ ಉಣ್ತಿದ್ರು! ಈಗ ಅದೂ ಇಲ್ಲ! ಹಾಕ್ರೋ ಬೋರಲು!"

ಅವರ ಇಬ್ಬರು ಜವಾನರು ನನ್ನತ್ತ ನುಗ್ಗಿದರು. ಒಬ್ಬ ಇದ್ದ ಒಂದೇ ಹಿಡಿಗೆ ಕೈ ಹಾಕಿದ, ಇನ್ನೊಬ್ಬ ಅಂಚಿಗೆ. ಸುಟ್ಟೆ! ಬೇಕೆಂದೇ ಸುಟ್ಟೆ! ಇಬ್ಬರೂ ಕೈ ಒದರುತ್ತ ಕುಣಿದರು. ಫಕೀರವ್ವ ನನ್ನ ಮುಂದೆ ಅಡ್ಡ ನಿಂತಳು.

"ಸಾಹೇಬರ, ಉಣ್ಣೂದು ಬಿಟ್ಟಿಲ್ರಿ, ಕಾಯಾಕತ್ತೇವಿ. ಅಗೋ, ಅಲ್ಲಿ ನೋಡ್ರಿ."

ಕಣಿವೆಯ ಬಾಯಲ್ಲಿ ಚಿಕ್ಕತಾಯಮ್ಮ ಬರುತ್ತಿದ್ದಳು. ಮೈಯೆಲ್ಲ ಉಪ್ಪಿನ ಕೆಸರು, ಬಲಗೈ ಜೋತುಬಿದ್ದಿತ್ತು, ಬೆನ್ನ ಮೇಲೆ ಒಬ್ಬ ಕಗ್ಗಲ್ಲಿನ ಯೋಧ. ಅವನನ್ನು ಇಳಿಸಿ, ತುಂಬಿದ ತಟ್ಟೆಗಳನ್ನು ನೋಡಿ ಗದರಿದಳು.

"ಅಯ್ಯೋ ನಿಮ್ಮ, ಇನ್ನೂ ಉಂಡಿಲ್ವೇನ್ರೋ?"

ಫಕೀರವ್ವ ನನ್ನೊಳಗಿಂದ ಒಂದು ತುತ್ತು ತೆಗೆದು, ಊದಿ ಆರಿಸಿ, ದಳವಾಯಿಯ ಬಾಯಿಗಿಟ್ಟಳು. ಅವಳ ಗಂಟಲು ಮೇಲೆ ಹೋಗಿ ಕೆಳಗೆ ಬಂತು. ನೂರು ಕೈಗಳು ಒಮ್ಮೆಲೇ ತಟ್ಟೆಗಿಳಿದವು. ಆ ಸದ್ದಿಗೆ ನನಗೆ ಅಳುವೇ ಬಂತು.

ಚಿಕ್ಕತಾಯಮ್ಮ ವ್ಯೂಹಾಧಿಕಾರಿಯತ್ತ ತಿರುಗಿ, "ಸಾಮಿ, ನಿಮ್ದಾಯ್ತಾ ಊಟ?" ಎಂದಳು. ವಾಮನಮೂರ್ತಿಯವರು ಟೋಪಿ ತೆಗೆದು ಪಂಕ್ತಿಯ ಕೊನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ತಟ್ಟೆ ಚಾಚಿದರು. ಎರಡು ಸಲ ಹಾಕಿಸಿಕೊಂಡರು, ನಾನು ನೋಡಿದ್ದೇನೆ!

ಅವರು ರಾಜಧಾನಿಗೆ ಹೋಗಿ ನಮ್ಮ ಪದ್ಧತಿಯನ್ನೇ ಇಡೀ ದಂಡಿಗೆ ನಿಯಮ ಮಾಡಿದರು. ಮುಂದೆ ನಾನು ಎಷ್ಟೋ ದಳವಾಯಿಗಳ ಕೈ ದಾಟಿದೆ, ಎಷ್ಟೋ ಲೋಕಗಳ ಒಲೆಯೇರಿದೆ. ಎಲ್ಲ ಕಡೆಯೂ ಮೊದಲ ತುತ್ತು, ಕಡೆಯ ತುತ್ತು ದಳವಾಯಿಗೆ. ಯಾಕೆಂದು ಯಾರಿಗೂ ಗೊತ್ತಿಲ್ಲ. ಕೊನೆಗೆ ನನ್ನ ತಳ ಸೀಳಿತು. ಕರಗಿಸಲು ಹೊರಟಿದ್ದರು, ಫಕೀರವ್ವ ಜಗಳವಾಡಿ ಬಿಡಿಸಿಕೊಂಡು ಬಂದು, ತಾನೀಗ ಹೊಸಬರನ್ನು ತರಬೇತು ಮಾಡುವ ಅಂಗಳದ ಮೂಲೆಯಲ್ಲಿ ಇರಿಸಿದಳು. ಅವಳ ತಲೆ ಈಗ ಪೂರ್ತಿ ಬೆಳ್ಳಗಾಗಿದೆ. ಚಿಕ್ಕತಾಯಮ್ಮ ಹೆಮ್ಮಡುವಿಗೆ ಮರಳಿ ದೋಣಿ ಕಟ್ಟುತ್ತಿದ್ದಾಳಂತೆ.

ಇವತ್ತು ಬೆಳಿಗ್ಗೆ ಗಾಳಿಗುಡ್ಡ ಎಂಬ ಹೊಸ ಲೋಕದವರು, ಪಡೆಗಳಿಗೆ ಹಂಚುವ ಮುನ್ನ ತರಬೇತಿಗೆಂದು ಬಂದಿಳಿದರು. ಹೊಸ ಕೊಪ್ಪರಿಗೆ ಬಂತು, ಹೊಳೆಯುತ್ತದೆ, ಇರಲಿ. ಅವರಿಗೆ ಕೊಟ್ಟಿದ್ದ ಬೇರೆ ಲೋಕದ ಎಳೆಯ ದಳವಾಯಿ ನಿಯಮದಂತೆ ಮೊದಲ ತುತ್ತು ತಿಂದು, ಬಡಿಸಿ, ಕಾದು ನಿಂತ. ಯಾರೂ ಉಣ್ಣಲಿಲ್ಲ. ಅವನ ಮುಖ ಕೆಂಪಾಯಿತು. "ನಿಯಮದಂತೆ ತಿಂದಾಯ್ತಲ್ಲ, ಉಣ್ಣಿ!" ಎಂದು ಕೂಗಿದ. ಅವರು ತಲೆ ತಗ್ಗಿಸಿ ಕೂತೇ ಇದ್ದರು. ಅವನು ಇನ್ನೊಮ್ಮೆ ಕೂಗಲು ಬಾಯಿ ತೆರೆಯುವಷ್ಟರಲ್ಲಿ ಫಕೀರವ್ವ ಕೋಲೂರಿಕೊಂಡು ಹೋಗಿ, ಅವನ ಹೆಗಲು ತಟ್ಟಿ ಸುಮ್ಮನಾಗಿಸಿ, ಆ ಹೊಸಬರ ನಡುವೆ ನೆಲದ ಮೇಲೆ ಕೂತಳು.

"ನಿಮ್ಮ ಕಡೆ ಹೆಂಗ ಉಣ್ತೀರಿ, ಯಪ್ಪಾ? ಹೇಳ್ರಿ. ನಾವೂ ಕಲೀತೀವಿ."